ರಬ್ಬರ್ ಹಾಳೆಯ ಹಿಂದೆ ಬದರಿನಾಥ ಡಾಕ್ಟರು

ಅಹಲ್ಯಾ ಕ್ಷಮಿಸಿ ಮರೆತುಬಿಡುವ ಹೆಂಗಸೇ ಅಲ್ಲ. ಸಿಡ್ನಿಯಲ್ಲಿ ಹೊತ್ತಿಕೊಂಡ ಸಿಟ್ಟನ್ನು ಮೆಲ್ಬರ್ನ್‌ವರೆಗೂ ಆರದಂತೆ ತಂದವಳು.

ಎಂಬತ್ತೊಂಬತ್ತರಲ್ಲಿ ಅವಳು ಸಿಡ್ನಿಯ ಬ್ಲ್ಯಾಕ್‌ಟೌನ್‌ನಲ್ಲಿ ಬದರಿನಾಥ ಎಂಬ ಹಲ್ಲಿನ ಡಾಕ್ಟರ ಹತ್ತಿರ ಅಸಿಸ್ಟೆಂಟ್. ಒಂದು ದಿನ ಅಲ್ಲಿನ ಕನ್ನಡದವರೇ ಆದ ಪದ್ಮಿನಿ ಆಂಟಿಯ ದವಡೆ ಹಲ್ಲಿಗೆ ಬಿಳಿ ಫಿಲ್ಲಿಂಗ್. ಹಲ್ಲು ಒಂಚೂರು ಒದ್ದೆಯಾದರೂ ಅದು ಕಚ್ಚಿಕೊಳ್ಳುವುದಿಲ್ಲ. ಎಂಜಲು ಹೀರಿ, ಹತ್ತಿ ಬದಲಿಸಿ ಹಲ್ಲನ್ನು ಒಣಗಿಸಿಡುವುದು ಅಸಿಸ್ಟೆಂಟಿನ ಕೆಲಸ.

“ಸರ್, ಹತ್ತಿ ಒದ್ದೆಯಾಗಿದೆ. ಬದಲಾಯಿಸ್ತೀನಿ, ಒಂದ್ನಿಮಿಷ.”

“ಡಾಕ್ಟರ್ ನೀನಾ, ನಾನಾ? ಲೈಟ್ ಕೊಡು,” ಎಂದರು ಬದರಿನಾಥ, ಫಿಲ್ಲಿಂಗ್ ಗಟ್ಟಿ ಮಾಡುವ ದೀಪಕ್ಕೆ ಕೈಚಾಚಿ. ಅವರಿಗೆ ಟಿವಿಯಲ್ಲಿ ಕ್ರಿಕೆಟ್ ನೋಡುವ ಆತುರ.

ಗಣೇಶನ ಹಬ್ಬದ ಊಟಕ್ಕೆ ಕನ್ನಡದವರೆಲ್ಲ ಸೇರಿದ್ದಾಗ ಆಂಟಿ ಚಕ್ಕುಲಿ ಕಡಿದರು, ಫಿಲ್ಲಿಂಗ್ ಕಿತ್ತು ಕೈಗೆ ಬಂತು.

“ನಮ್ಮ ಅಹಲ್ಯಾ ಕೈಗುಣ, ಆಂಟಿ. ಎಂಜಲು ಹೀರೋಕೂ ಬರಲ್ಲ ಇವಳಿಗೆ,” ಎಂದು ಬದರಿನಾಥ ಪಂಕ್ತಿಗೆಲ್ಲ ಕೇಳುವಂತೆ ಹೇಳಿದರು. ಎಲ್ಲರೂ ನಕ್ಕರು. ಅವಳ ತಲೆ ಮೇಲೆ ಗೂಬೆ ಕೂರಿಸಿ ಆ ಮಹಾನುಭಾವರು ಎರಡನೇ ಸಲ ಪಾಯಸ ಹಾಕಿಸಿಕೊಂಡರು! ಅಹಲ್ಯಾ ಅರ್ಧ ಊಟಕ್ಕೇ ಎಲೆ ಮಡಚಿ ಎದ್ದಳು. ಆಮೇಲೆ ಯಾರ ಮನೆಗೆ ಹೋದರೂ ಅದೇ ತಮಾಷೆ. ರೋಸಿಹೋಗಿ ಗಂಡನೊಂದಿಗೆ ಮೆಲ್ಬರ್ನ್ ಸೇರಿದಳು.

ತೊಂಬತ್ತಾರರಲ್ಲಿ ತಂಗಿಯ ಮಗಳ ಮದುವೆಗೆಂದು ಮೆಲ್ಬರ್ನ್‌ಗೆ ಬಂದ ಬದರಿನಾಥ, ಹಿಂದಿನ ದಿನವೇ ಕೋಡುಬಳೆ ಕಡಿದು ಹಲ್ಲು ಮುರಿದುಕೊಂಡರು. ಹೋದದ್ದು ಅಹಲ್ಯಾ ಕೆಲಸಕ್ಕಿದ್ದ ಕ್ಲಿನಿಕ್ಕಿಗೇ. ಅವಳನ್ನು ಕಂಡು ಮುಖ ಬಿಳಿಚಿಕೊಂಡಿತು.

ಎಂಜಲು ಹೀರುವ ಕೊಳವೆಯನ್ನು ಕೊಂಚ ಓರೆ ಹಿಡಿದರೆ ಸಾಕು, ನಾಳೆ ಮದುವೆ ಊಟದಲ್ಲೇ ಫಿಲ್ಲಿಂಗ್ ಉದುರುತ್ತದೆ. ಅಹಲ್ಯಾಳಿಗೆ ಆಸೆಯೇನೋ ಆಯಿತು. ಆದರೆ ಹಾಗೆ ಮಾಡಿದರೆ ಈ ಮನುಷ್ಯ ಅಂದದ್ದೇ ನಿಜವಾಗಿಬಿಡುತ್ತದಲ್ಲ!

“ನೋವಾದರೆ ಎಡಗೈ ಎತ್ತಿ,” ಎಂದರು ಅಲ್ಲಿನ ಡಾಕ್ಟರ್ ಹೆಲೆನ್. ಅಹಲ್ಯಾ ಹಲ್ಲಿಗೆ ಕ್ಲಿಪ್ ಸಿಕ್ಕಿಸಿ, ಎಂಜಲು ತಾಗದಂತೆ ಸುತ್ತ ರಬ್ಬರ್ ಹಾಳೆ ಬಿಗಿದಳು. ಬದರಿನಾಥರ ಬಾಯಿ ತೆರೆದೇ ಇತ್ತು, ಮಾತು ಮಾತ್ರ ಹೊರಡುವಂತಿರಲಿಲ್ಲ.

“ಡಾಕ್ಟ್ರೇ,” ಎಂದಳು ಮೆಲ್ಲಗೆ, ಕನ್ನಡದಲ್ಲಿ. “ಏಳು ವರ್ಷದಿಂದ ನನ್ನ ಹೊಟ್ಟೆ ಉರೀತಿದೆ. ಅವತ್ತು ತಪ್ಪು ನಿಮ್ದು ತಾನೇ? ಹೌದಾದ್ರೆ ಕೈ ಎತ್ತಿ.”

“ಏನು ಹೇಳ್ತಿದ್ದೀಯ ಅವರಿಗೆ?” ಎಂದು ಹೆಲೆನ್ ಇಂಗ್ಲಿಷಿನಲ್ಲಿ ಕೇಳಿದರು.

“ಧೈರ್ಯ ಹೇಳ್ತಿದ್ದೀನಿ.”

ಬದರಿನಾಥರ ಎಡಗೈ ನಿಧಾನವಾಗಿ ಮೇಲೆದ್ದಿತು. ಹೆಲೆನ್ ಗಾಬರಿಯಿಂದ ಡ್ರಿಲ್ ನಿಲ್ಲಿಸಿದರು.

“ನೋವು ಹಲ್ಲಿನದಲ್ಲ ಡಾಕ್ಟರ್, ಮುಂದುವರಿಸಿ,” ಎಂದಳು ಅಹಲ್ಯಾ. ಆ ಹಲ್ಲಿಗೆ ಒಂದು ಹನಿ ತಾಗಲು ಬಿಡಲಿಲ್ಲ.

ಮರುದಿನ ಮದುವೆ ಊಟಕ್ಕೆ ಊರಿನ ಕನ್ನಡದವರೆಲ್ಲರ ಜೊತೆ ಅವಳಿಗೂ ಕರೆಯಿತ್ತು. ಸಿಡ್ನಿಯವರೆಲ್ಲ ಬಂದಿದ್ದರು, ಪದ್ಮಿನಿ ಆಂಟಿಯೂ. ಅಹಲ್ಯಾ ಸೀದಾ ಹೋಗಿ ಬದರಿನಾಥರ ಎಲೆಗೆ ಚಕ್ಕುಲಿ ಇಟ್ಟಳು.

“ಕಡೀರಿ ಡಾಕ್ಟ್ರೇ. ನೆನ್ನೆ ಎಂಜಲು ಹೀರಿದ್ದು ಇದೇ ಕೈ.”

ಪಂಕ್ತಿಯೆಲ್ಲ ತಿರುಗಿ ನೋಡಿತು. ಬೇರೆ ದಾರಿಯಿಲ್ಲದೆ ಅವರು ಕಡಿದರು. ಚಕ್ಕುಲಿ ಮುರಿಯಿತು, ಹಲ್ಲು ಹಾಗೇ ಇತ್ತು.

“ಹಾಗಾದ್ರೆ ಅವತ್ತು ಆಂಟಿದು ಯಾಕೆ ಕಿತ್ತು ಬಂತು?” ಎಂದಳು ಅಹಲ್ಯಾ.

ಬದರಿನಾಥ ಎಲೆ ನೋಡುತ್ತ, “ಒದ್ದೆ ಇದೆ ಅಂತ ಇವಳು ಹೇಳಿದ್ಲು. ನಾನೇ ಕೇಳಲಿಲ್ಲ,” ಎಂದರು.

ಈ ಸಲ ಯಾರೂ ನಗಲಿಲ್ಲ. ಅಹಲ್ಯಾ ಅವರ ಎದುರಿನ ಎಲೆಗೇ ಕೂತು, ಎರಡು ಸಲ ಪಾಯಸ ಹಾಕಿಸಿಕೊಂಡಳು.