ಹೆಸರು ಹೇಳಿ, ಕೊಳ್ಳ ಹೇಳಿ

ಓರ್ಲೀನಾ ಹ್ಯಾಕ್ನಿಯ ಮೇಲುಸಾಲಿನ ಎರಡು ಹಲ್ಲು ಕಟ್ಟಿಸಿದವು. ದೇವರು ಕೊಟ್ಟ ಹಲ್ಲುಗಳು ಕೌಂಟಿ ಕೋರ್ಟಿನ ಹಿಂದೆ ಕಾರು ನಿಲ್ಲಿಸುವ ಜಾಗದಲ್ಲಿ, ಜಲ್ಲಿಯ ನಡುವೆ ಎಲ್ಲೋ ಬಿದ್ದಿವೆ. ಆಗವಳು ಕಮ್ಯುನಿಟಿ ಕಾಲೇಜಿಗೆ ಸಮಾಜಶಾಸ್ತ್ರ ಕಲಿಸಲು ಹೊಸದಾಗಿ ಸೇರಿದ್ದಳು. ಶಾಲೆಯ ನೆತ್ತಿಯ ಮೇಲೆ ಗಣಿಯ ಕೊಳಕು ನೀರಿಗೆ ಕಟ್ಟೆ ಕಟ್ಟಿದ್ದಾರಲ್ಲ, ಅದು ಒಡೆದರೆ ಮಕ್ಕಳ ಗತಿ ಏನು ಎಂದು ಕೌಂಟಿ ಸಭೆಯಲ್ಲಿ ಕೇಳಿದಳು. ಕೇಳಿದ್ದು ಅಷ್ಟೇ. ಸಭೆ ಮುಗಿಸಿ ಹೊರಗೆ ಬಂದವಳಿಗೆ ಕಲ್ಲಿದ್ದಲು ಲಾರಿಗಳ ಗುತ್ತಿಗೆದಾರನೊಬ್ಬ ಮುಷ್ಟಿ ಕಟ್ಟಿ ಬಾಯಿಗೆ ಗುದ್ದಿದ. ನೋಡುತ್ತಿದ್ದವರು ಟೋಪಿ ಸರಿಮಾಡಿಕೊಂಡು ಮನೆಗೆ ಹೋದರು.

ಮುಂದಿನ ಸಭೆಗೆ ಅವಳು ಊದಿದ ಬಾಯಿಯಲ್ಲೇ ಬಂದಳು. ಅಧ್ಯಕ್ಷ ಗುರುತೇ ಇಲ್ಲದವನಂತೆ, "ಯಾರಮ್ಮಾ ನೀನು? ಎಲ್ಲಿಯವಳು?" ಎಂದ.

"ಓರ್ಲೀನಾ ಹ್ಯಾಕ್ನಿ. ಹ್ಯಾಕ್ನಿ ಕೊಳ್ಳ," ಎಂದಳು. ಹಲ್ಲಿನ ಸಂದಿಯಿಂದ ಗಾಳಿ ಸುಯ್ಯೆನ್ನುತ್ತಿತ್ತು. "ಹೋದ ಸಲ ಹೊಡೆದೋರಿಗೆ ಇನ್ನೂ ಕೈ ತುರಿಸ್ತಿದ್ರೆ ಅಲ್ಲಿಗೇ ಬರ್ಬೋದು. ಬಾಗಿಲು ತೆಗೆದೇ ಇರುತ್ತೆ."

ವರ್ಜೀನಿಯಾದ ನಮ್ಮ ಗುಡ್ಡಗಳಲ್ಲಿ ಎರಡು ಗುಡ್ಡದ ನಡುವೆ ಒಂದು ಹಳ್ಳ, ಹಳ್ಳದ ಪಕ್ಕ ಒಂದೇ ವಂಶದ ನಾಲ್ಕು ಮನೆ ಇದ್ದರೆ ಅದೊಂದು ಕೊಳ್ಳ. ಒಳಗೆ ಹೋಗುವುದಕ್ಕೂ ಹೊರಗೆ ಬರುವುದಕ್ಕೂ ಒಂದೇ ದಾರಿ. ಕೊಳ್ಳದ ಹೆಸರು ಹೇಳುವುದೆಂದರೆ ನನಗೆ ಹೊಡೆಯಬೇಕಾದವರು ಇಲ್ಲಿಗೆ ಬನ್ನಿ ಎಂದು ದಾರಿ ತೋರಿಸಿದ ಹಾಗೆ. ಅಂದಿನಿಂದ ಕೌಂಟಿ ಸಭೆಯಲ್ಲಿ ಯಾರು ಎದ್ದು ನಿಂತರೂ ಮೊದಲು ಹೆಸರು, ಆಮೇಲೆ ಕೊಳ್ಳ. ಇದನ್ನು ಯಾರೂ ಕಾನೂನು ಮಾಡಲಿಲ್ಲ, ಓರ್ಲೀನಾಳ ಮುರಿದ ಹಲ್ಲು ಮಾಡಿತು.

ತರಗತಿಯಲ್ಲೂ ಅದೇ ನಿಯಮ. ಬಾಯಿ ತೆರೆಯುವವರು ಎದ್ದು ನಿಂತು ಹೆಸರು, ಕೊಳ್ಳ ಹೇಳಬೇಕು. "ಹೆಸರು ಹೇಳ್ದೆ ಆಡೋ ಮಾತು ನನಗೆ ಬೇಡ. ಅದು ಬೇಲಿ ಹಿಂದೆ ಅಡಗಿ ಕಲ್ಲು ಹೊಡೆದ ಹಾಗೆ," ಎನ್ನುತ್ತಿದ್ದಳು. ವರ್ಷದ ಕೊನೆಗೆ ಪ್ರತಿ ವಿದ್ಯಾರ್ಥಿಯೂ ಕೌಂಟಿ ಸಭೆಗೆ ಹೋಗಿ ಒಂದು ಸಲವಾದರೂ ಮಾತಾಡಬೇಕು, ಇಲ್ಲದಿದ್ದರೆ ಪಾಸಿಲ್ಲ. ಗಂಡನ ಮುಂದೆ ತುಟಿ ಬಿಚ್ಚದ ಹೆಂಗಸರು ಅಲ್ಲಿ ಹೋಗಿ ನಲ್ಲಿ ನೀರಿನ ಬಗ್ಗೆ, ಸ್ಕೂಲ್ ಬಸ್ಸಿನ ಬ್ರೇಕಿನ ಬಗ್ಗೆ ಅಧ್ಯಕ್ಷನ ಬೆವರಿಳಿಸಿ ಬಂದರು. ಗಣಿ ನೀರಿನ ಕಟ್ಟೆಯನ್ನೂ ಕೊನೆಗೆ ಶಾಲೆಯ ಮೇಲಿಂದ ತೆಗೆಸಿದರು.

ಆಮೇಲೆ ಬಂತು ಮುಷ್ಕರ. ನಿವೃತ್ತ ಗಣಿಗಾರರಿಗೂ ವಿಧವೆಯರಿಗೂ ಇದ್ದ ಆಸ್ಪತ್ರೆ ಖರ್ಚನ್ನು ಕಂಪನಿ ನಿಲ್ಲಿಸಿತು. ಶ್ವಾಸಕೋಶದಲ್ಲಿ ಕಲ್ಲಿದ್ದಲು ತುಂಬಿಕೊಂಡು ಕೂತ ಮುದುಕರಿಗೆ ಆಮ್ಲಜನಕದ ಸಿಲಿಂಡರ್ ಸಿಗದಂತಾಯಿತು. ಗಣಿಗಳೆಲ್ಲ ಒಂದೇ ಬೆಳಿಗ್ಗೆ ನಿಂತವು. ಓರ್ಲೀನಾಳ ತಮ್ಮ ಆರ್ವಿಲ್ ಮುಷ್ಕರದ ಮುಂದಾಳುಗಳಲ್ಲಿ ಒಬ್ಬ. ತಾಯಿ ಸತ್ತ ಮೇಲೆ ಅವನಿಗೆ ಬೀನ್ಸ್ ಸಾರು, ಜೋಳದ ಬ್ರೆಡ್ಡು ಬಡಿಸಿ ಬೆಳೆಸಿದವಳು ಅವಳೇ. ಒಳ್ಳೆಯ ವೆಲ್ಡರ್, ಸಿಟ್ಟು ಮಾತ್ರ ಮೂಗಿನ ತುದಿಯಲ್ಲಿ.

ಕಂಪನಿ ಬದಲಿ ಆಳುಗಳನ್ನು ಇಳಿಸಿ ಗಣಿ ನಡೆಸಲು ಹೊರಟಿತು, ಹೊರಗಿನಿಂದ ಕಾವಲುಗಾರರನ್ನು ಕರೆಸಿತು. ಅವರು ಲಾಠಿಯಿಂದ ಮಂಡಿಗೇ ನೋಡಿ ಹೊಡೆಯುತ್ತಿದ್ದರು. ನಮ್ಮವರು ಸುಮ್ಮನಿರಲಿಲ್ಲ. ಗುಡ್ಡದ ಮೇಲಿಂದ ಲಾರಿಗಳ ಗಾಜಿಗೆ ಗುಂಡು ಹೊಡೆದರು. ರಸ್ತೆಯ ಮೇಲೆ ಜಾಕ್‌ರಾಕ್ ಎರಚಿದರು. ಎರಡು ಕಬ್ಬಿಣದ ಸರಳು ಬಗ್ಗಿಸಿ, ಬೆಸೆದು, ತುದಿ ಚೂಪು ಮಾಡಿದರೆ ಜಾಕ್‌ರಾಕ್ ಆಯಿತು. ಹೇಗೆ ಎಸೆದರೂ ಒಂದು ಮುಳ್ಳು ಆಕಾಶ ನೋಡುತ್ತದೆ. ಹುಡುಗಿಯರು ಅದನ್ನೇ ಪುಟ್ಟದಾಗಿ ಮಾಡಿಸಿ ಕಿವಿಗೆ ಹಾಕಿಕೊಂಡು ಚರ್ಚಿಗೆ ಹೋಗುತ್ತಿದ್ದರು. ಟೈರು ಹರಿದರೆ ನಮಗೆಲ್ಲ ನಗು. ಹೌದು, ನಗುತ್ತಿದ್ದೆವು.

ಕಾಲೇಜು ನಡೆದೇ ಇತ್ತು. ಗಣಿ ನಿಂತ ಮೇಲೆ ಗಂಡಸರೂ ಬಂದು ಕೂತರು, ಆರ್ವಿಲ್ ಕೂಡ ಬಂದ. ಹಿಂದಿನ ಸಾಲಿನಲ್ಲಿ ಕ್ಲೋವಿಸ್ ರ‍್ಯಾಸ್ನಿಕ್ ಎಂಬ ಸಣಕಲ ಕೂರುತ್ತಿದ್ದ. ಒಂದು ಸೋಮವಾರ ಅವನು ಮುಷ್ಕರ ಮುರಿದು ಗಣಿಗೆ ಇಳಿದ. ಅಂಥವನಿಗೆ ನಮ್ಮಲ್ಲಿ ಗಾಯದ ಮೇಲಿನ ಹಕ್ಕಳೆ ಎನ್ನುತ್ತಾರೆ. ಅದಕ್ಕಿಂತ ಕೀಳು ಬೈಗುಳ ನಮ್ಮ ಕೌಂಟಿಯಲ್ಲಿಲ್ಲ. ಇಳಿದದ್ದು ಸಾಲದು ಎಂಬಂತೆ ಅವನು ಬುಧವಾರ ತರಗತಿಗೂ ಬಂದ.

"ಹಕ್ಕಳೆ ವಾಸನೆ ಬರ್ತಿದೆ," ಎಂದ ಟಾಲ್ಬಿ ಸೈಕ್ಸ್, ಆರ್ವಿಲ್‌ನ ಜೀವದ ಗೆಳೆಯ, ಬಾಗಿಲು ತುಂಬ ನಿಲ್ಲುವ ಆಳು.

ಕ್ಲೋವಿಸ್ ಎದ್ದು ನಿಂತ. "ಕ್ಲೋವಿಸ್ ರ‍್ಯಾಸ್ನಿಕ್. ರ‍್ಯಾಸ್ನಿಕ್ ಕೊಳ್ಳ. ನನ್ನ ಮಗೂಗೆ—"

ಮಗುವಿಗೆ ಏನೆಂದು ಯಾರೂ ಕೇಳಲಿಲ್ಲ. ಟಾಲ್ಬಿ ಡೆಸ್ಕನ್ನೇ ಎತ್ತಿ ಅವನ ಮೇಲೆ ಹಾಕಿದ. ಆಮೇಲೆ ಇನ್ನೊಂದು, ಮತ್ತೊಂದು. ಹಲಗೆ ಸೀಳಿತು, ಕ್ಲೋವಿಸನ ಕಿವಿ ಹರಿಯಿತು. ನೆಲಕ್ಕೆ ಬಿದ್ದವನ ಪಕ್ಕೆಗೆ ಆರ್ವಿಲ್ ಬೂಟುಗಾಲಿನಿಂದ ಒದೆಯುತ್ತಿದ್ದ. ಓರ್ಲೀನಾ ನಡುವೆ ನುಗ್ಗಿ ಕ್ಲೋವಿಸನ ಮೇಲೆ ಬಿದ್ದಳು. ತಮ್ಮನ ಒಂದು ಒದೆ ಅವಳ ಮಣಿಕಟ್ಟಿಗೆ ಬಿತ್ತು, ಮೂಳೆ ಲಟಕ್ಕೆಂದಿತು. ಆಗ ಮಾತ್ರ ಅವನು ನಿಂತ.

"ಅಕ್ಕಾ, ಇವನನ್ನ ಹೊರಗೆ ಹಾಕು."

"ಇದು ನಿನ್ನ ಯೂನಿಯನ್ ಹಾಲಲ್ಲ ಕಣೋ. ಅವನು ಹೆಸರು ಹೇಳಿದಾನೆ, ಕೊಳ್ಳ ಹೇಳಿದಾನೆ. ಇಲ್ಲಿ ಕೂರೋಕೆ ಅಷ್ಟು ಸಾಕು."

"ಹಾಗಾದ್ರೆ ಅವನ ಜೊತೆ ನೀನೊಬ್ಬಳೇ ಕೂತ್ಕೋ."

ಪೊಲೀಸರಿಗೆ ಅವಳು ಹೇಳಲಿಲ್ಲ, ಕಾಲೇಜಿಗೂ ಹೇಳಲಿಲ್ಲ. ಮನೆಯ ಜಗಳ ಮನೆಯಲ್ಲೇ ಮುಗಿಯಲಿ ಎನ್ನುವುದು ನಮ್ಮ ಗುಡ್ಡದವರ ಹಳೇ ರೋಗ. ಮುರಿದ ಡೆಸ್ಕುಗಳನ್ನು ಆರ್ವಿಲ್‌ನ ಪಿಕಪ್ಪಿಗೇ ಹೇರಿಸಿ, "ಮುರಿದೋರೇ ಸರಿಮಾಡ್ಕೊಂಡು ತನ್ನಿ," ಎಂದಳು. ಅವಳ ಪ್ರಕಾರ ಅದು ಶಿಕ್ಷೆ.

ಕೆಲವು ವಾರದ ನಂತರ ಹೊಬರ್ಟ್ ತಾತನಿಗೆ ಉಸಿರು ಕಟ್ಟಿತು. ಇಡೀ ಆಯುಷ್ಯ ಗಣಿಯಲ್ಲಿ ಸವೆಸಿದ ಮುದುಕ. ಮುಷ್ಕರದ ಪಟಗಳ ಮೇಲೆಲ್ಲ ಅವನದೇ ಚಿತ್ರ, ಮುಷ್ಕರ ನಡೆದದ್ದೇ ಅಂಥವರಿಗಾಗಿ. ಆಂಬುಲೆನ್ಸ್ ಓಡಿಸುತ್ತಿದ್ದವಳು ಓರ್ಲೀನಾಳ ವಿದ್ಯಾರ್ಥಿನಿ ಡೆಲ್ಫಿಯಾ. ಇಳಿಜಾರಿನ ತಿರುವಿನಲ್ಲಿ ಮುಂದಿನ ಟೈರು ಢಂ ಎಂದು ಒಡೆಯಿತು. ಗಾಡಿ ತಡೆಗೋಡೆ ಮುರಿದು ಹಳ್ಳಕ್ಕೆ ಉರುಳಿತು. ತಾತ ಸ್ಟ್ರೆಚರಿಗೆ ಕಟ್ಟಿದ ಹಾಗೇ ಮೊಣಕಾಲುದ್ದದ ನೀರಿನಲ್ಲಿ ಮುಳುಗಿ ಸತ್ತ. ಡೆಲ್ಫಿಯಾ ಒಡೆದ ತಲೆಯಲ್ಲಿ ಬೆಲ್ಟಿನ ಜೊತೆ ಒದ್ದಾಡುತ್ತಾ ಅವನು ಸಾಯುವುದನ್ನು ಕಣ್ಣಾರೆ ಕಂಡಳು.

ಓರ್ಲೀನಾ ಆಸ್ಪತ್ರೆಗೆ ಓಡಿದಳು. ತಲೆಗೆ ಹೊಲಿಗೆ ಹಾಕಿಸಿಕೊಂಡು ಮಲಗಿದ್ದ ಡೆಲ್ಫಿಯಾ ಹಾಸಿಗೆಯ ಪಕ್ಕದಲ್ಲಿ ಇಟ್ಟಿದ್ದ ಜಾಕ್‌ರಾಕನ್ನು ಅವಳ ಕೈಗೆ ಹಾಕಿದಳು.

"ಟೈರಿಂದ ಕಿತ್ತೆ ಮೇಡಂ. ಪೊಲೀಸರಿಗೆ ಕೊಡಕ್ಕೆ ಯಾಕೋ ಮನಸ್ಸು ಬರಲಿಲ್ಲ. ನೀವೇ ನೋಡಿ. ಇದರ ಬಣ್ಣ ನೋಡಿ."

ಮುಳ್ಳಿನ ಬುಡದಲ್ಲಿ ಹಸಿರು ಬಣ್ಣ ಉಳಿದಿತ್ತು. ಅವಳ ತರಗತಿಯ ಡೆಸ್ಕುಗಳ ಕೆಳಗೆ ಪುಸ್ತಕ ಇಡಲು ಸರಳಿನ ಜಾಲರಿ ಇರುತ್ತದೆ. ಅದರ ಹಸಿರು ಅದು. ಆ ಮಾಸಲು ಹಸಿರು ಇಡೀ ಕೌಂಟಿಯಲ್ಲಿ ಬೇರೆಲ್ಲೂ ಇಲ್ಲ.

ಅಷ್ಟರಲ್ಲಿ ಊರಲ್ಲಿ ಬೇರೆಯೇ ಕತೆ ಹಬ್ಬಿತ್ತು. ನಮ್ಮ ಹೆಸರು ಕೆಡಿಸಲು ಕಾವಲುಗಾರರೇ ಎರಚಿದ್ದಂತೆ, ರ‍್ಯಾಸ್ನಿಕ್ ದಾರಿ ತೋರಿಸಿದನಂತೆ. ಪೆಟ್ರೋಲ್ ಬಂಕಿಗೆ ಬಂದ ಒಬ್ಬ ಕಾವಲುಗಾರನನ್ನು ಎಳೆದು ಬಡಿದರು. ಅವನ ಒಂದು ಕಣ್ಣು ಹೋಯಿತು. ನಾಳೆ ಕೌಂಟಿ ಸಭೆ, ಅಲ್ಲೇ ಕ್ಲೋವಿಸನನ್ನು ಹಿಡಿಯುವುದು ಎಂದು ಕಟ್ಟೆಕಟ್ಟೆಯಲ್ಲೂ ಮಾತು.

ಓರ್ಲೀನಾ ನೇರ ತಮ್ಮನ ಶೆಡ್ಡಿಗೆ ಹೋದಳು. ಮೂರು ಡೆಸ್ಕೂ ಅಲ್ಲಿದ್ದವು, ಹಲಗೆಗಳನ್ನು ನೀಟಾಗಿ ಕೂರಿಸಿದ್ದ. ಕೆಳಗೆ ಜಾಲರಿ ಮಾತ್ರ ಇರಲಿಲ್ಲ. ಅವಳು ಜಾಕ್‌ರಾಕ್ ತೋರಿಸಿದಳು. ಆರ್ವಿಲ್ ಶೆಡ್ಡಿನ ಬಾಗಿಲು ಹಾಕಿ ಬಂದ.

"ಕಂಪನಿ ಲಾರಿಗೆ ಅಂತ ಹಾಕಿದ್ದು ಅಕ್ಕಾ. ತಾತನ ಗಾಡಿ ಆ ದಾರೀಲಿ ಬರುತ್ತೆ ಅಂತ ನನಗೇನು ಕನಸು ಬಿದ್ದಿತ್ತಾ?"

"ನಾಳೆ ಸಭೇಲಿ ಇದನ್ನೇ ಹೇಳು. ಇಲ್ಲಾಂದ್ರೆ ಕ್ಲೋವಿಸನ್ನ ಕೊಂದೇ ಹಾಕ್ತಾರೆ."

"ಕೊಲ್ಲಲಿ ಬಿಡು. ಹಕ್ಕಳೆ ತಾನೆ!"

"ನೀನು ಹೇಳ್ದಿದ್ರೆ ನಾನು ಹೇಳ್ತೀನಿ."

ಅವನು ಅವಳನ್ನು ಗೋಡೆಗೆ ಒತ್ತಿ ಕುತ್ತಿಗೆ ಹಿಡಿದ. ತಾನು ತೋಳಲ್ಲಿ ಎತ್ತಿ ಆಡಿಸಿದ ಹುಡುಗನ ಬೆರಳುಗಳು ಗಂಟಲಿಗೆ ಇಳಿಯುತ್ತಿದ್ದರೂ ಅವಳು ಕಣ್ಣು ತೆಗೆಯಲಿಲ್ಲ. ಕೈ ಬಿಟ್ಟು ಅವನೇ ಅತ್ತ. "ಹೇಳಿದ್ರೆ ನನಗೆ ಅಕ್ಕ ಸತ್ತಳು ಅಂತ ತಿಳ್ಕೋತೀನಿ," ಎಂದ.

ಅವಳಿಗೆ ರಾತ್ರಿಯೆಲ್ಲ ನಿದ್ದೆ ಹತ್ತಲಿಲ್ಲ. ಹೇಳಿದರೆ ತಮ್ಮ ಜೈಲಿಗೆ. ಹೇಳದಿದ್ದರೆ ಒಬ್ಬ ನಿರಪರಾಧಿಯ ಹೆಣ, ಜೊತೆಗೆ ಇಷ್ಟು ವರ್ಷ ತಾನು ಪಾಠ ಮಾಡಿದ್ದೆಲ್ಲ ಬರೀ ಬೊಗಳೆ. ಅವಳಿಗೆ ತಮ್ಮನ ಮೇಲೆ ಪ್ರೀತಿ ಕಡಿಮೆ ಇರಲಿಲ್ಲ. ಆ ಪ್ರೀತಿಯೇ ಅವಳನ್ನು ಬೆಳಗಿನವರೆಗೆ ಸುಟ್ಟಿತು.

ಸಭೆಯಲ್ಲಿ ಎಳ್ಳು ಹಾಕಲೂ ಜಾಗವಿರಲಿಲ್ಲ. ಬರಬೇಡವೆಂದು ಓರ್ಲೀನಾ ಎಷ್ಟು ಹೇಳಿದರೂ ಕೇಳದೆ ಕ್ಲೋವಿಸ್ ಬಂದು ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದ, ಕಿವಿಗೆ ಪಟ್ಟಿ. ಅವನ ಎಡಬಲಕ್ಕೆ ನಮ್ಮ ಗಂಡಸರು, ಕೈಯಲ್ಲಿ ಗುದ್ದಲಿ ಹಿಡಿಗಳು. ಮೊದಲ ಏಟು ಆಗಲೇ ಅವನ ಹೊಟ್ಟೆಗೆ ಬಿದ್ದಿತ್ತು. ಷೆರಿಫ್ ಕಿಟಕಿಯ ಆಚೆ ನೋಡುತ್ತಿದ್ದ.

ಓರ್ಲೀನಾ ಎದ್ದು ನಿಂತಳು. ಒಂದು ಕೈ ಇನ್ನೂ ಪ್ಲಾಸ್ಟರಿನಲ್ಲಿತ್ತು.

"ಓರ್ಲೀನಾ ಹ್ಯಾಕ್ನಿ. ಹ್ಯಾಕ್ನಿ ಕೊಳ್ಳ." ಜಾಕ್‌ರಾಕನ್ನು ಅಧ್ಯಕ್ಷನ ಮೇಜಿನ ಮೇಲೆ ಇಟ್ಟಳು. ಅದರ ಒಂದು ಮುಳ್ಳು ಮೇಲೆ ನೋಡುತ್ತಾ ನಿಂತಿತು. "ಹೊಬರ್ಟ್ ತಾತನ್ನ ಕೊಂದಿದ್ದು ಇದು. ಕಾವಲಿನೋರು ಹಾಕಿದ್ದಲ್ಲ, ರ‍್ಯಾಸ್ನಿಕ್ಕೂ ಅಲ್ಲ. ಈ ಕಬ್ಬಿಣ ನನ್ನ ಕ್ಲಾಸಿನ ಡೆಸ್ಕಿಂದು. ಕಾಲೇಜಿಗೆ ಹೇಳ್ದೆ ಮುಚ್ಚಿಟ್ಟು ಡೆಸ್ಕು ಹೊರಗೆ ಕಳಿಸಿದೋಳು ನಾನು. ಯಾರ ಕೈಗೆ ಕೊಟ್ಟೆ ಅಂದ್ರೆ—"

ಟಾಲ್ಬಿ ಸೈಕ್ಸ್ ಎಸೆದ ಸೋಡಾ ಬಾಟಲಿ ಅವಳ ಹುಬ್ಬಿಗೆ ಬಡಿದು ಒಡೆಯಿತು. ಅವಳು ಮೇಜು ಹಿಡಿದು ನಿಂತಳು. ಕಣ್ಣೊಳಗೆ ರಕ್ತ ಇಳಿದು ಏನೂ ಕಾಣದಾಯಿತು. ಹಿಂದಿನಿಂದ "ಹಕ್ಕಳೆ ಮೇಡಂ! ಇನ್ನೊಂದು ಕೊಡ್ರೋ ಅವಳಿಗೆ!" ಎಂಬ ಕೂಗು ಕೇಳಿತು. ಟಾಲ್ಬಿ ಇನ್ನೊಂದು ಬಾಟಲಿ ಎತ್ತಿದ.

ಅದು ಅವನ ಕೈಯಿಂದ ಹೊರಡಲಿಲ್ಲ. ಎರಡು ಸಾಲು ಕುರ್ಚಿ ಹಾರಿ ಬಂದ ಆರ್ವಿಲ್ ಅವನ ಮೂಗಿನ ಮೇಲೆ ಗುದ್ದಿದ. ಟಾಲ್ಬಿ ಬಿದ್ದ ಮೇಲೂ ಎದೆಯ ಮೇಲೆ ಕೂತು ಗುದ್ದುತ್ತಲೇ ಹೋದ. "ನನ್ನಕ್ಕನಿಗೆ ಹೊಡಿತೀಯೇನೋ! ನನ್ನಕ್ಕನಿಗೆ!" ಬಿಡಿಸಲು ನಾಲ್ಕು ಜನ ಬೇಕಾಯಿತು. ಎದ್ದು ನಿಂತಾಗ ಅವನ ಕೈ ಚರ್ಮ ಸುಲಿದು ಕೆಂಪಗಾಗಿತ್ತು. ಗೆಳೆಯ ಕೆಳಗೆ, ಅಕ್ಕ ಎದುರಿಗೆ, ಇಬ್ಬರ ಮುಖದಲ್ಲೂ ರಕ್ತ.

"ನನ್ನ ಕೈಗೇ ಕೊಟ್ಟಿದ್ದು," ಎಂದ. "ಮಾಡಿದ್ದು ನಾನು. ತಿರುವಲ್ಲಿ ಹಾಕಿದ್ದೂ ನಾನೇ. ಆರ್ವಿಲ್ ಹ್ಯಾಕ್ನಿ."

ಓರ್ಲೀನಾ ರಕ್ತ ಒರೆಸಿಕೊಳ್ಳುತ್ತಾ ತರಗತಿಯಲ್ಲಿ ಕೇಳುವ ಹಾಗೇ ಕೇಳಿದಳು. "ಕೊಳ್ಳ?"

"ನಿನಗೆ ಗೊತ್ತಿಲ್ವಾ ಅಕ್ಕಾ?"

"ಎಲ್ಲರಿಗೂ ಹೇಳೋ, ಮರಿ."

"ಹ್ಯಾಕ್ನಿ ಕೊಳ್ಳ," ಎಂದು ಅವನು ಸಭೆಯ ಕಡೆ ತಿರುಗಿ ಹೇಳಿದ. ಕ್ಲೋವಿಸನ ಸುತ್ತ ನಿಂತವರು ಗುದ್ದಲಿ ಹಿಡಿಗಳನ್ನು ಒಂದೊಂದಾಗಿ ಗೋಡೆಗೆ ಒರಗಿಸಿದರು.

ಆರ್ವಿಲ್ ಜೈಲಿಗೆ ಹೋದ. ಮುಷ್ಕರ ಗೆದ್ದಿತು, ಮುದುಕರಿಗೆ ಆಸ್ಪತ್ರೆ ಖರ್ಚು ಮರಳಿ ಬಂತು. ಗೆದ್ದ ಮೆರವಣಿಗೆಗೆ ಓರ್ಲೀನಾಳನ್ನು ಯಾರೂ ಕರೆಯಲಿಲ್ಲ. ಅವಳ ಕಿಟಕಿಗೆ ಗುಂಡು ಬಿತ್ತು, ನಾಯಿಯನ್ನು ಯಾರೋ ಬೇಲಿಗೆ ನೇತುಹಾಕಿ ಕೊಂದರು. ಚರ್ಚಿನಲ್ಲಿ ಅವಳ ಬೆಂಚು ಖಾಲಿ ಉಳಿಯತೊಡಗಿತು. ತಮ್ಮನೂ ಜೈಲಿನಲ್ಲಿ ಅವಳ ಮುಖ ನೋಡಲು ಒಪ್ಪಲಿಲ್ಲ. ಅವಳು ಮಾತ್ರ ಪ್ರತಿ ಸಭೆಗೂ ಹೋಗಿ ಅದೇ ಮುಂದಿನ ಸಾಲಿನಲ್ಲಿ ಕೂತಳು. ನಿಯಮವನ್ನೂ ಬಿಡಲಿಲ್ಲ. ಒಂದು ವರ್ಷವಂತೂ ತರಗತಿಯಲ್ಲಿ ಡೆಲ್ಫಿಯಾ, ಕ್ಲೋವಿಸ್ ಬಿಟ್ಟರೆ ಮೂರನೆಯವರಿಲ್ಲ. ಜಾಲರಿ ಇಲ್ಲದ ಮೂರು ಡೆಸ್ಕುಗಳನ್ನು ಕಾಲೇಜು ಗುಜರಿಗೆ ಹಾಕಲು ಹೊರಟಾಗ ಬೇಡವೆಂದು ಜಗಳವಾಡಿ ಉಳಿಸಿಕೊಂಡಳು.

ಅವಳ ತಲೆ ಪೂರ್ತಿ ನರೆತ ಮೇಲೆ, ಹೊಸ ವರ್ಷದ ಮೊದಲ ತರಗತಿಗೆ ಕೂದಲು ಉದುರಿದ ಒಬ್ಬ ಗಂಡಸು ತಡವಾಗಿ ಬಂದ. ಹುಡುಗ ಹುಡುಗಿಯರ ನಡುವೆ ಜಾಲರಿ ಇಲ್ಲದ ಡೆಸ್ಕೊಂದರಲ್ಲಿ ಮೈ ಹಿಡಿಮಾಡಿಕೊಂಡು ಕೂತ. ಅಭ್ಯಾಸಬಲದಿಂದ ಪುಸ್ತಕವನ್ನು ಕೆಳಗೆ ತಳ್ಳಿದ, ಅದು ದಪ್ಪೆಂದು ನೆಲಕ್ಕೆ ಬಿತ್ತು. ಮಕ್ಕಳು ನಕ್ಕರು. ಅವನು ಎದ್ದು ನಿಂತು ಹೆಸರು ಹೇಳಿದ, ಕೇಳುವ ಮೊದಲೇ ಕೊಳ್ಳವನ್ನೂ ಹೇಳಿದ.

"ಮೇಡಂ, ಪುಸ್ತಕ ಎಲ್ಲಿ ಇಡ್ಲಿ?"

ಓರ್ಲೀನಾ ಸೀಮೆಸುಣ್ಣ ಕೆಳಗಿಟ್ಟಳು. ಹುಬ್ಬಿನ ಮೇಲಿನ ಗಾಯದ ಗುರುತನ್ನು ಒಮ್ಮೆ ಸವರಿಕೊಂಡಳು. "ತೊಡೆ ಮೇಲೆ ಇಟ್ಕೋ," ಎಂದಳು. "ಜಾಲರಿ ಕತ್ತರಿಸಿದ್ದು ನೀನೇ ಅಲ್ವೇನೋ."