ಹೊತ್ತಿಗೆ ಮೊದಲೇ ಬಂದ ಬುತ್ತಿ

ಮೊನ್ನೆ ಸಿಂದಗಿಯ ಸಂತೆಯಿಂದ ಬಂದು ಚೀಲ ಸುರುವಿದಾಗ ಲಿಂಬೆಹಣ್ಣಿನ ಜೊತೆ ಒಂದು ಎಲೆಯೂ ಬಿತ್ತು. ಸುಮ್ಮನೆ ಬೆರಳಲ್ಲಿ ಹೊಸಕಿ ಮೂಗಿಗೆ ಹಿಡಿದೆ. ಹಣ್ಣಿನ ವಾಸನೆ ಬೇರೆ, ಎಲೆಯದು ಬೇರೆ. ಎಲೆಯ ವಾಸನೆಯಲ್ಲಿ ಸ್ವಲ್ಪ ಕಹಿ ಇರುತ್ತದೆ. ಅದರ ಹಿಂದೆಯೇ ನನ್ನ ತವರೂರು ಇಂಡಿಯಲ್ಲಿದ್ದ ನಮ್ಮ ಲಿಂಬೆ ತೋಟ ನೆನಪಾಯಿತು. ತೋಟ ನೆನಪಾದರೆ ಚಾಚಿ ನೆನಪಾಗದೆ ಇರುತ್ತಾರೆಯೇ…

ಚಾಚಿ ನಮ್ಮ ಪಕ್ಕದ ಮನೆಯವರು. ತವರು ಗೊಳಸಂಗಿ. ನನಗಷ್ಟೇ ಅಲ್ಲ, ನಮ್ಮವ್ವನಿಗೂ, ಇಡೀ ಓಣಿಗೂ ಅವರು ಚಾಚಿಯೇ. ಅವರಿಗೊಂದು ಕೆಲಸವಿತ್ತು, ಯಾರೂ ಹೇಳಿ ಹಚ್ಚಿದ್ದಲ್ಲ: ಸಾವಾದ ಮನೆಗೆ ಮಾತಾಡಿಸಲು ಹೋಗುವುದು. ನಮ್ಮ ಓಣಿಯಲ್ಲಿ ಹಿಂದೂ ಮನೆಯಾಗಲಿ ಮುಸ್ಲಿಂ ಮನೆಯಾಗಲಿ, ಸಾವಾದ ದಿನ ಒಲೆ ಹಚ್ಚುತ್ತಿರಲಿಲ್ಲ. ನೆರೆಯವರೇ ರೊಟ್ಟಿ, ಜುಣಕ ಮಾಡಿ ಬುತ್ತಿ ಕಟ್ಟಿಕೊಂಡು ಹೋಗಿ, ಕುಳಿತು, ಮಾತಾಡಿಸಿ ಉಣ್ಣಿಸುತ್ತಿದ್ದರು. ಚಾಚಿ ಅದಕ್ಕಾಗಿ ಬಾಗೇವಾಡಿ, ಮುದ್ದೇಬಿಹಾಳದ ತನಕ ಬಸ್ಸು ಹತ್ತುತ್ತಿದ್ದರು. ಊರ ಉಸಾಬರಿಯೆಲ್ಲ ಇವರಿಗೇ ಬೇಕು ಎಂದು ಜನ ನಗುತ್ತಿದ್ದರು. ನನಗೆ ಸೋಜಿಗವಾಗುತ್ತಿದ್ದುದು ಬೇರೆ. ಅವರು ಯಾರಿಗೂ ಸಮಾಧಾನ ಹೇಳುತ್ತಿರಲಿಲ್ಲ. “ಹ್ಯಾಂಗಾತವಾ?” ಎಂದು ಕೇಳಿ ಸುಮ್ಮನಾಗುತ್ತಿದ್ದರು. ಮುಂದಿನದನ್ನೆಲ್ಲ ಆ ಮನೆಯವರೇ ಹೇಳಿಕೊಳ್ಳುತ್ತಿದ್ದರು.

ಸತ್ತದ್ದು ಮನುಷ್ಯರೇ ಆಗಬೇಕೆಂದೂ ಇರಲಿಲ್ಲ. ಯಾರದೋ ಎತ್ತು ಸತ್ತಾಗ ಹೋದರು. ಇಂಗಳೇಶ್ವರದಲ್ಲಿ ಪರಿಚಯದವರ ಬಾವಿ ಬತ್ತಿದಾಗ ಅಲ್ಲಿಗೂ ಬುತ್ತಿ ಹೋಯಿತು. ಆದರೆ ಎದುರು ಮನೆಯವರ ಹೊಸ ಟ್ರ್ಯಾಕ್ಟರ್ ಪಲ್ಟಿ ಹೊಡೆದಾಗ ಇವರು ಹೊಸ್ತಿಲು ದಾಟಲಿಲ್ಲ. ಯಾಕೆ ಎಂದು ಕೇಳಿದೆ. “ಅದು ಕಬ್ಬಣ, ಬಿಡು,” ಎಂದರು. ಯಾವುದು ಸಾವು, ಯಾವುದು ಬರೀ ಲುಕ್ಸಾನು ಎಂದು ಅವರು ಹೇಗೆ ಗೊತ್ತುಮಾಡುತ್ತಿದ್ದರೋ, ನಾನು ಎಷ್ಟು ತಲೆ ಕೆರೆದುಕೊಂಡರೂ ಹೊಳೆಯಲಿಲ್ಲ.

ನಾನು ಬಿ.ಎಡ್. ಮುಗಿಸಿ ಮನೆಯಲ್ಲಿ ಕುಳಿತಿದ್ದ ವರ್ಷ ಅದು. ಬೇಸಿಗೆ ಹೊತ್ತಿಗೆ ಮೊದಲೇ ಬಂತು. ಅವ್ವ ತನ್ನ ಕೈಯಾರೆ ಬೆಳೆಸಿದ ತೋಟ. ಲಿಂಬೆಯ ಹೂವು ಕಾಯಿ ಕಟ್ಟುವ ಮುಂಚೆಯೇ ಉದುರಿತು. ಎಲೆ ಮುದುಡಿತು. ಟೊಂಗೆಗಳು ತುದಿಯಿಂದ ಒಣಗುತ್ತ ಬಂದವು. ಅಪ್ಪ ಬಸ್ ಡ್ರೈವರ್. ಮನೆ ನಡೆಯುತ್ತಿದ್ದುದು ಅವರ ಪಗಾರದ ಮೇಲೆ. ಹಾಗಾಗಿ ಅವ್ವನ ದುಃಖ ಯಾರ ಕಣ್ಣಿಗೂ ದುಃಖವೆಂದು ಕಾಣಲೇ ಇಲ್ಲ. “ಹೊಟ್ಟಿಗೇನು ಕಡಿಮಿ ಆಗೇತಿ? ಇಂಡಿ ಬಿಸಲು ಇವತ್ತಿಂದೇನು?” ಎಂದುಬಿಟ್ಟರು ಅಪ್ಪ. ಅವರು ಕೆಟ್ಟವರಲ್ಲ. ಆದರೆ ಆ ಮಾತಿನ ಮೇಲೆ ಅವ್ವ ಬಾಯಿಗೆ ಬೀಗ ಹಾಕಿಕೊಂಡಳು.

ಅದಕ್ಕೂ ಮುಂಚೆ ಒಮ್ಮೆ ನನ್ನೆದುರು ಮಾತ್ರ ಹೇಳಿದ್ದಳು, “ಬರೋ ವರ್ಷ ಇದಕ್ಕಿಂತ ಜಾಸ್ತಿ ಆದ್ರ?” ಆ ಪ್ರಶ್ನೆ ಅವಳೊಳಗೆ ಮನೆ ಮಾಡಿತ್ತೆಂದು ಕಾಣುತ್ತದೆ. ಅರ್ಧ ರೊಟ್ಟಿಗೇ ಕೈ ತೊಳೆಯುವಳು. ತೋಟದ ಕಡೆ ಹೋಗುವುದನ್ನೇ ಬಿಟ್ಟಳು. ನೀರಿನ ಪಾಳಿ ಬಂದ ದಿನವೂ ಹೋಗಲಿಲ್ಲ. ನಾನು ಹೋಗಿ ನೀರು ಬಿಡಲೇ ಎಂದರೆ ಬೇಡವೆಂದು ಕೈ ಅಲ್ಲಾಡಿಸಿದಳು. ನನಗೆ ಭಯವಾದದ್ದು ಗಿಡಗಳಿಗಾಗಿ ಅಲ್ಲ, ಅವ್ವನಿಗಾಗಿ.

ಹೀಗಿರುವಾಗ ಒಂದು ಮುಂಜಾನೆ ಚಾಚಿ ಬಿಳಿ ಅರಿವೆಯಲ್ಲಿ ಬುತ್ತಿ ಕಟ್ಟಿಕೊಂಡು ನಮ್ಮ ಪಡಸಾಲೆಗೆ ಬಂದರು. ಬಂದವರೇ ಅವ್ವನ ಪಕ್ಕ ಕುಳಿತು, ಗಂಟನ್ನು ಅವಳ ಮುಂದಿಟ್ಟು, ತಮ್ಮ ಎಂದಿನ ಮಾತು ಕೇಳಿದರು.

“ಹ್ಯಾಂಗಾತವಾ?”

ಎಲ್ಲರೂ ಬದುಕಿರುವ ಮನೆಗೆ ಸಾವಿನ ಬುತ್ತಿ ತರುವುದೆಂದರೆ ನಮ್ಮ ಕಡೆ ಸಣ್ಣ ಮಾತಲ್ಲ. ಅವ್ವ ಗಂಟು ನೋಡಿದಳು, ಚಾಚಿಯ ಮುಖ ನೋಡಿದಳು. ಆಮೇಲೆ ಎಷ್ಟೋ ದಿನದಿಂದ ಕೂಡಿಟ್ಟ ದನಿಯಲ್ಲಿ ಒದರಿದಳು:

“ಯಾರು ಸತ್ತಾರಂತ ತಂದೀರಿ? ನನ್ನ ಗಿಡ ಇನ್ನೂ ಜೀವ ಅದಾವ. ತಗೊಂಡ ಹೋಗ್ರಿ ನಿಮ್ಮ ಬುತ್ತಿ!”

ಚಾಚಿ ಗಾಬರಿಯಾದರು. ಗಲ್ಲ ಗಲ್ಲ ಬಡಿದುಕೊಂಡು, “ತೋಬಾ ತೋಬಾ, ತಪ್ಪಾತವಾ. ರಸ್ತೆದಾಗಿಂದ ನೋಡಿದ್ನಿ, ಎಲ್ಲಾ ಒಣಗಿದಂಗ ಕಂಡ್ವು,” ಎಂದರು. ಆಮೇಲೆ, “ಹಂಗಾರ ಯಾವ್ಯಾವ ಜೀವ ಅದಾವ?” ಎಂದು ಮೆಲ್ಲಗೆ ಕೇಳಿದರು.

ಅವ್ವನಿಗೆ ಉತ್ತರ ಗೊತ್ತಿರಲಿಲ್ಲ. ಅವಳು ಹೋಗಿ ನೋಡಿದ್ದರೆ ತಾನೇ? ಸಿಟ್ಟಿನಲ್ಲೇ ಚಪ್ಪಲಿ ಮೆಟ್ಟಿ ಹೊರಟಳು. ಹಿಂದೆ ಚಾಚಿ, ಅವರ ಹಿಂದೆ ನಾನು. ಅವ್ವ ಒಂದೊಂದೇ ಗಿಡದ ಹತ್ತಿರ ನಿಂತು ಉಗುರಿನಿಂದ ತೊಗಟೆ ಕೆರೆದು ನೋಡಿದಳು. ಒಳಗೆ ಹಸಿರಿದ್ದರೆ ಜೀವ ಇದೆ, ಕಂದಿದ್ದರೆ ಇಲ್ಲ. ಹೆಚ್ಚಿನವು ಕಂದಿದ್ದವು… ಅಂಥ ಗಿಡದ ಮುಂದೆ ಅವಳು ಅದನ್ನು ಯಾವಾಗ ನೆಟ್ಟೆ, ಮೊದಲ ಕಾಯಿ ಯಾರಿಗೆ ಕೊಟ್ಟೆ ಎಂದೆಲ್ಲ ಹೇಳುತ್ತ ಬಿಕ್ಕುವಳು. ಚಾಚಿ ನಡುವೆ ಬಾಯಿ ಹಾಕಲಿಲ್ಲ. ಹಸಿರು ಕಂಡ ಗಿಡಕ್ಕೆ ಮಾತ್ರ ತಮ್ಮ ತಲೆಗೆ ಹೊದ್ದ ದುಪಟ್ಟಾದ ಅಂಚು ಹರಿದು ಗುರುತು ಕಟ್ಟುತ್ತಿದ್ದರು. ಮಧ್ಯಾಹ್ನ ಅಂಥದೊಂದು ಗಿಡದ ಕೆಳಗೇ ಬುತ್ತಿ ಬಿಚ್ಚಿದೆವು. ಅವ್ವ ಹೊಟ್ಟೆ ತುಂಬ ಉಂಡಳು. ಅಂದು ಸಂಜೆ ಗುರುತು ಕಟ್ಟಿದ ಗಿಡಗಳಿಗೆ ನೀರು ಬಿಟ್ಟಳು.

ಚಾಚಿ ನಿಜವಾಗಿ ತಪ್ಪು ತಿಳಿದು ಬಂದಿದ್ದರೋ, ಬೇಕೆಂದೇ ಬಂದಿದ್ದರೋ? ಸಾವಿನ ಲೆಕ್ಕದಲ್ಲಿ ಅಷ್ಟು ಪಳಗಿದವರು ಅರೆಜೀವದ ಗಿಡವನ್ನು ಸತ್ತಿದೆ ಎಂದು ತಿಳಿದಾರೆಯೇ? ಮದುವೆಯಾಗಿ ಸಿಂದಗಿಗೆ ಬಂದ ಮೇಲೂ ತವರಿಗೆ ಹೋದಾಗಲೆಲ್ಲ ಕೇಳುತ್ತಿದ್ದೆ. “ನನ್ನ ಕಣ್ಣು ಮೊದಲೇ ಮಂಜು, ಏನ ಕೇಳ್ತಿ,” ಎಂದು ನಕ್ಕುಬಿಡುವರು. ಅವರು ತೀರಿಕೊಂಡಾಗಲೂ ಆ ಪ್ರಶ್ನೆ ನನ್ನಲ್ಲೇ ಉಳಿಯಿತು. ಉಳಿದ ಗಿಡಗಳೂ ಕೆಲವು ವರ್ಷ ಕಾಯಿ ಕೊಟ್ಟು, ಒಂದೊಂದು ಬೇಸಿಗೆಗೆ ಒಂದೊಂದರಂತೆ ಹೋದವು. ಈಗ ಅಲ್ಲಿ ತೋಟವಿಲ್ಲ.

ಈ ಬೇಸಿಗೆಯಲ್ಲಿ ನನ್ನ ಮಗಳು ಹಾಗೇ ಬಾಯಿ ಕಟ್ಟಿಕೊಂಡಳು. ಕಾಲೇಜು ಹುಡುಗಿ. ಮೊಬೈಲಿನಲ್ಲಿ ಬಿಸಿಲಿನ ಸುದ್ದಿ, ಕರಗುವ ಹಿಮದ ಸುದ್ದಿ ನೋಡಿ ನೋಡಿ ಕೊನೆಗೊಂದು ದಿನ, “ಎಲ್ಲಾ ಮುಗದೈತಿ, ಓದಿ ಏನ ಮಾಡೋದೈತಿ?” ಎಂದು ಪುಸ್ತಕ ಮುಚ್ಚಿಟ್ಟಳು. ನಾನು ಟೀಚರು. ಹೇಳುವಷ್ಟು ಬುದ್ಧಿ ಹೇಳಿದೆ, ಅದು ಅವಳಿಗೆ ನಾಟಲಿಲ್ಲ. ಸೋತು ಅವ್ವನಿಗೆ ಫೋನ್ ಮಾಡಿ ಅತ್ತುಬಿಟ್ಟೆ.

ಮರುದಿನವೇ ಅವ್ವ ಇಂಡಿಯಿಂದ ಬಸ್ಸು ಹತ್ತಿ ಬಂದಳು. ನನ್ನನ್ನು ಮಾತಾಡಿಸಲೂ ನಿಲ್ಲದೆ ಮೊಮ್ಮಗಳ ಕೋಣೆಗೆ ಹೋಗಿ, ಸೊಂಟ ಹಿಡಿದುಕೊಂಡು ನೆಲದ ಮೇಲೆ ಕುಳಿತಳು.

“ನಿನ್ನ ಮಾತಾಡಿಸಾಕ ಬಂದೇನಿ.”

ಮಗಳು ಗಾಬರಿಯಿಂದ ಎದ್ದಳು. “ಯಾರು ಸತ್ತಾರ ಆಯಿ?”

“ನನಗೇನ ಗೊತ್ತು? ನೀನ ಎಲ್ಲಾ ಮುಗದೈತಿ ಅಂದೀಯಂತ. ಏನೇನ ಸತ್ತೈತಿ, ಏನೇನ ಇನ್ನೂ ಐತಿ, ಒಂದೊಂದ ಹೇಳು. ನನಗ ಇವತ್ತ ಬ್ಯಾರೆ ಕೆಲಸ ಇಲ್ಲ.”

ಕೋಣೆಯಿಂದ ಮಗಳ ದನಿ ಕೇಳಿಸಿತು, ಮೊದಲು ತಡವರಿಸುತ್ತ, ಆಮೇಲೆ ಅಳುತ್ತ… ಅವ್ವ ನಡುವೆ ಬಾಯಿ ಹಾಕಲಿಲ್ಲ. ನಾನು ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನಿಂತೆ. ಚಾಚಿ ಹೋದಾಗ ಇಡೀ ಓಣಿ ಅತ್ತಿತ್ತು, ನಾನೂ ಅತ್ತಿದ್ದೆ. ಆದರೆ ಅವರು ಇನ್ನು ಇಲ್ಲವೆಂದು ನನಗೆ ನಿಜವಾಗಿ ತಿಳಿದದ್ದು ಅವರ ಕೆಲಸವನ್ನು ಅವ್ವ ಮಾಡುತ್ತಿದ್ದ ಆ ಹೊತ್ತಿನಲ್ಲೇ.