ಕಮರದ ಬುಡಕ್ಕೆ ಮಂಡಕ್ಕಿ

ಗಾಳಿ ಇರಲಿಲ್ಲ. ಆದರೂ ಕಮರದ ಸಸಿಯೊಂದು ಅಲುಗಿತು. ಚೌಡಕ್ಕ ಬಿಂದಿಗೆ ಕೆಳಗಿಟ್ಟು, ಸೆರಗಿನಲ್ಲಿ ಕಟ್ಟಿ ತಂದಿದ್ದ ಮಂಡಕ್ಕಿಯನ್ನು ಅದರ ಬುಡಕ್ಕೆ ಸುರಿದಳು.

“ನಿನ್ ಗಂಡ ಇವತ್ತು ಬೇಗ ಎದ್ದಾನೆ ಕಣೇ,” ಎಂದಳು ಜತೆಯ ಕೂಲಿ ಗಾದ್ರಮ್ಮ. “ಬದುಕಿದ್ದಾಗ ಇಷ್ಟೊತ್ತಿಗೆ ಹೊದಿಕೆ ತೆಗೀತಿರಲಿಲ್ಲ.”

“ನಗಬೇಡಕ್ಕ, ಕೇಳಿಸ್ಕೊಂತಾರೆ.”

ಜಗಳೂರು ಕಡೆಯ ಗುಡ್ಡದಲ್ಲಿ ಕಡಿದುಹೋದ ಕಾಡನ್ನು ಮತ್ತೆ ಬೆಳೆಸಲು ಬೇಲಿ ಹಾಕಿದ್ದ ಜಾಗ ಅದು. ಕಾವಲುಗಾರನಾಗಿದ್ದ ದಾಸಪ್ಪ ಅಲ್ಲಿ ಕಮರದ ಬೀಜ ಬಿತ್ತಿ, ಅವು ಮೊಳೆಯುವ ಮೊದಲೇ ಜ್ವರದಲ್ಲಿ ತೀರಿಕೊಂಡ. ಕಾವಲು ಹೆಂಡತಿಯ ಪಾಲಿಗೆ ಬಂತು. ೧೯೮೪ರ ಮಳೆಗಾಲ ಮುಗಿಯುವ ಹೊತ್ತಿಗೆ ಸಸಿಗಳು ಮೊಣಕಾಲೆತ್ತರ ಬಂದಿದ್ದವು, ಹುಲ್ಲು ಅದಕ್ಕಿಂತ ಎತ್ತರ. ಆಗಲೇ ಅಲ್ಲೊಂದು ಇಲ್ಲೊಂದು ಸಸಿ ತಾನಾಗಿ ಅಲುಗತೊಡಗಿತು. ಗಂಡ ಮುಟ್ಟಿ ನೋಡುತ್ತಿದ್ದಾನೆ ಎಂದುಕೊಂಡಳು ಚೌಡಕ್ಕ. ಅವನಿಗೆ ಮಂಡಕ್ಕಿ ಇಷ್ಟ. ಒಂದು ದಿನ ಇಟ್ಟದ್ದು ಮರುದಿನ ಇರುತ್ತಿರಲಿಲ್ಲ.

ಒಂದು ದಿನ ಫಾರೆಸ್ಟ್ ಗಾರ್ಡ್ ಹಾಲಸ್ವಾಮಿ ಬಂದ. ಹಸಿರಾಗಿಯೇ ನಿಂತಿದ್ದ ಸಸಿಯೊಂದನ್ನು ಹಿಡಿದ. ಅದು ಎಳೆಯುವ ಮೊದಲೇ ಕೈಗೆ ಬಂತು. ಕೆಳಗೆ ಬೇರಿರಲಿಲ್ಲ, ಹಲ್ಲಿನ ಗುರುತಿತ್ತು. ಪಕ್ಕದ್ದನ್ನು ಹಿಡಿದ. ಅದೂ ಹಾಗೇ.

“ಇಲಿ ಕಣವ್ವ. ಮಂಡಕ್ಕಿ ಹಾಕಿ ಕರೆದೋರು ಯಾರು?”

ಚೌಡಕ್ಕ ಸೆರಗಿನ ಗಂಟನ್ನು ಬಿಗಿದುಕೊಂಡಳು.

“ಈ ಸಸಿ ಹೋದ್ರೆ ಇಲ್ಲಿ ನೀಲಗಿರಿ ಹಾಕ್ತಾರೆ. ದಾಸಪ್ಪನ ಕೆಲಸ ಮಣ್ಣುಪಾಲಾಗ್ತೈತೆ.” ಅವನು ಮಂಡಕ್ಕಿಗೆ ಬೆಲ್ಲ ಸೇರಿಸಿ ಪಾಷಾಣ ಕಲಸಿಕೊಟ್ಟ. “ದಿನಾ ಇಡೋ ಜಾಗಕ್ಕೇ ಇಡು. ರೂಢಿ ಆಗೈತೆ, ತಿಂತಾವೆ. ಬಾಯಿಬಿಟ್ಟು ಇದರ ಹೆಸರು ಹೇಳಬೇಡ ಮತ್ತೆ, ಇಲಿಗೆ ಮಾತು ತಿಳೀತೈತೆ.”

ಇಲಿಯ ಎದುರು ಪಾಷಾಣದ ಮಾತಾಡಬಾರದೆಂಬುದು ಅವಳೂ ಚಿಕ್ಕಂದಿನಿಂದ ನಂಬಿದ್ದೇ. ಕೊನೆಯ ಸಾಲಿನವರೆಗೂ ತುಟಿ ಬಿಚ್ಚದೆ ಇಟ್ಟಳು. ಕಡೆಯ ಸಸಿಯ ಹತ್ತಿರ ಕುಕ್ಕರುಗಾಲಿನಲ್ಲಿ ಕೂತಳು. ಅದು ಅಲುಗಿತು.

“ಇವತ್ತಿಂದು ತಿನ್ನಬೇಡ್ರಿ,” ಎಂದಳು, ಗಾದ್ರಮ್ಮನಿಗೂ ಕೇಳುವಷ್ಟು ಗಟ್ಟಿಯಾಗಿ. “ಪಾಷಾಣ ಐತೆ.”

“ಅಯ್ಯೋ ಹುಚ್ಚಿ!” ಎಂದಳು ಗಾದ್ರಮ್ಮ.

ಮಾರನೆಯ ಬೆಳಿಗ್ಗೆ ಮಂಡಕ್ಕಿ ಇಟ್ಟಲ್ಲೇ ಇತ್ತು. ಒಂದು ಕಾಳೂ ಕದಲಿರಲಿಲ್ಲ. ಅಷ್ಟರಲ್ಲಿ ಇನ್ನೂ ಒಂದು ಸಾಲು ಬಾಡಿತ್ತು. ಗಾದ್ರಮ್ಮ ನಡೆದದ್ದು ಹೇಳಿದಾಗ ಹಾಲಸ್ವಾಮಿ ಬೈಯಲಿಲ್ಲ. ಹೊಸದಾಗಿ ಕಲಸಿ ಗಾದ್ರಮ್ಮನ ಕೈಗೆ ಕೊಟ್ಟ. ಚೌಡಕ್ಕನನ್ನು ಜಗಳೂರಿನ ಸಸಿತೋಟಕ್ಕೆ, ಪ್ಲಾಸ್ಟಿಕ್ ಪಾಕೀಟಿಗೆ ಮಣ್ಣು ತುಂಬುವ ಕೆಲಸಕ್ಕೆ ಕಳಿಸಿದ. ಮುಂದಿನ ಮಳೆಗೆ ಅವಳು ತುಂಬಿದ ಪಾಕೀಟುಗಳಲ್ಲೇ ನೀಲಗಿರಿ ಸಸಿಗಳು ಆ ಗುಡ್ಡಕ್ಕೆ ಹೋದವು.